ಮೂರು ಮೀಟರ್ ಜೆಟ್ ಸ್ಕೀ, ಮುನ್ನೂರು ಚದರ ಕಿಲೋಮೀಟರ್ ನೀರು

ಮಲ್ಪೆ, ಮುರುಡೇಶ್ವರದ ಕಡೆ ಹೋದವರು ಜೆಟ್ ಸ್ಕೀ ನೋಡಿಯೇ ಇರುತ್ತೀರಿ. ನೀರಿನ ಮೇಲೆ ಓಡೋ ಬೈಕ್ ಅದು. ಸುಮಾರು ಮೂರು ಮೀಟರ್ ಉದ್ದ, ಮಾಡೆಲ್ ನೋಡಿಕೊಂಡು 200ರಿಂದ 400 ಕಿಲೋ ತೂಕ. ಇಂಥದ್ದೊಂದು ದೊಡ್ಡ ಜಲಾಶಯದ ನಡುವೆ ಮುಳುಗಿತು ಅಂತಿಟ್ಕೊಳ್ಳಿ. ಓಡಿಸುತ್ತಿದ್ದವರು ಲೈಫ್ ಜಾಕೆಟ್ ಹಾಕಿದ್ದರು, ಹೇಗೋ ದಡ ಸೇರಿದರು. ಗಾಡಿ ಮಾತ್ರ ತಳ ಸೇರಿದೆ. ಅದನ್ನು ಹುಡುಕೋದು ಹೇಗೆ?

ದುಡ್ಡಿದ್ದವರ ಆಟಿಕೆ ಮುಳುಗಿದರೆ ನಮಗೇನು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ತಳದಲ್ಲಿ ಬಿದ್ದಿರೋದು ಜೆಟ್ ಸ್ಕೀ ಆಗಲಿ, ಮೀನುಗಾರರ ಬೋಟ್ ಆಗಲಿ, ಲಾರಿ ಆಗಲಿ, ಮನುಷ್ಯರೇ ಆಗಲಿ, ಹುಡುಕುವ ವಿಧಾನ ಹೆಚ್ಚು ಕಡಿಮೆ ಒಂದೇ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. 2019ರ ಸೆಪ್ಟೆಂಬರ್ 15ರಂದು ಆಂಧ್ರದ ಕಚ್ಚುಲೂರು ಬಳಿ ಗೋದಾವರಿಯಲ್ಲಿ ಮುಳುಗಿದ ಪ್ರವಾಸಿ ಬೋಟ್ ಮೇಲೆ ಬಂದಿದ್ದು ಅಕ್ಟೋಬರ್ 22ಕ್ಕೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ಪಾಲಾದ ಕೇರಳದ ಲಾರಿ, ಚಾಲಕನ ದೇಹದ ಸಮೇತ ಸಿಕ್ಕಿದ್ದು 71 ದಿನಗಳ ಮೇಲೆ.

ಈ ಮೂರೂ ಸಲ ನಾವು ಟೀವಿಯಲ್ಲಿ ನೋಡಿದ್ದು ದಡದಲ್ಲಿ ಕೂತ ಕುಟುಂಬಗಳನ್ನ, ಮೈಕ್ ಹಿಡಿದ ಸಚಿವರನ್ನ, ‘ಕಾರ್ಯಾಚರಣೆ ಮುಂದುವರಿದಿದೆ’ ಅನ್ನೋ ಪಟ್ಟಿಯನ್ನ. ಆ ಕಾರ್ಯಾಚರಣೆ ಒಳಗೆ ಏನಿರುತ್ತೆ ಅಂತ ಯಾರೂ ವಿವರಿಸಲಿಲ್ಲ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ನನ್ನ ಡಿಗ್ರಿ ಇಂಥ ಕಡೆಯಾದರೂ ಉಪಯೋಗಕ್ಕೆ ಬರಲಿ. ಯಾರ ಜೀವವೂ ಹೋಗದ ಜೆಟ್ ಸ್ಕೀಯನ್ನೇ ಉದಾಹರಣೆಗೆ ತಗೊಂಡು ಲೆಕ್ಕ ಹಾಕೋಣ. ಜಾಗ ಶರಾವತಿಯ ಲಿಂಗನಮಕ್ಕಿ ಅಂತಿರಲಿ. 1964ರಲ್ಲಿ ಕಟ್ಟಿದ ಅಣೆಕಟ್ಟೆ, ತುಂಬಿದಾಗ ನೀರು ಹರಡಿಕೊಳ್ಳೋದು 300 ಚದರ ಕಿಲೋಮೀಟರ್‌ಗೂ ಹೆಚ್ಚು.

ಮೊದಲ ಪ್ರಶ್ನೆ: ನಿಜವಾಗಲೂ ಮುಳುಗಿದೆಯಾ?

ಬಹುತೇಕ ಜೆಟ್ ಸ್ಕೀಗಳ ಹೊರಮೈ ಫೈಬರ್ ಗ್ಲಾಸಿನದ್ದು. ಮುಳುಗಬಾರದು ಅಂತ ಒಳಗೆ, ಹೆಚ್ಚಾಗಿ ಮೂತಿಯ ಕಡೆ, ಫೋಮ್ ತುಂಬಿರುತ್ತಾರೆ. ಹಿಂದುಗಡೆ ನೀರು ಹೊರಹಾಕೋ ಬಿರಟೆಗಳಿರುತ್ತವೆ. ಅವನ್ನು ತಿರುಗಿಸಿ ಬಿಗಿ ಮಾಡೋದು ಮರೆತು ನೀರಿಗಿಳಿಸೋದು, ಒಳಗೆ ನೀರು ತುಂಬಲು ಸಾಮಾನ್ಯ ಕಾರಣಗಳಲ್ಲಿ ಒಂದು. ಇಂಜಿನ್ ಇರೋ ಹಿಂಭಾಗ ಮೊದಲು ಇಳಿಯುತ್ತೆ, ಮೂತಿ ಮೇಲೆದ್ದು ನಿಲ್ಲುತ್ತೆ. ಫೋಮ್ ಸರಿ ಇದ್ದರೆ ಗಾಡಿ ಅದೇ ಭಂಗಿಯಲ್ಲಿ ಗಂಟೆಗಟ್ಟಲೆ ತೇಲಬಹುದು. ಫೋಮ್ ಹಳೆಯದಾಗಿ ನೀರು ಕುಡಿದಿದ್ದರೆ ನಿಧಾನಕ್ಕೆ ಒಳಗೆ ಹೋಗುತ್ತೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಅರ್ಧ ತೇಲುತ್ತಿರುವ ವಸ್ತುವನ್ನು ಗಾಳಿ ತಳ್ಳಿಕೊಂಡು ಹೋಗುತ್ತೆ. ಆಗ ಹುಡುಕಬೇಕಾದ್ದು ತಳದಲ್ಲಿ ಅಲ್ಲವೇ ಅಲ್ಲ, ಗಾಳಿ ಬೀಸಿದ ದಿಕ್ಕಿನ ದಡದ ಪೊದೆಗಳಲ್ಲಿ. ಪೂರ್ತಿ ಮುಳುಗಿದ್ದರೆ ಕಥೆ ಬೇರೆ. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಇಳಿಯಿತು ಅಂತಿಟ್ಟುಕೊಂಡರೆ, 40 ಮೀಟರ್ ಆಳ ತಲುಪೋಕೆ 80 ಸೆಕೆಂಡ್. ಜಲಾಶಯದ ನೀರಿನ ಸೆಳೆತ ಸೆಕೆಂಡಿಗೆ 10 ಸೆಂಟಿಮೀಟರ್ ಇದ್ದರೆ, ಅಷ್ಟರಲ್ಲಿ ಅದು ಪಕ್ಕಕ್ಕೆ ಸರಿಯೋದು ಬರೀ ಎಂಟು ಮೀಟರ್. ಅಂದ್ರೆ ನಿಂತ ನೀರಿನಲ್ಲಿ ವಸ್ತು ಮುಳುಗಿದ ಜಾಗದ ಹತ್ತಿರತ್ತಿರ ನೇರ ಕೆಳಗೇ ಇರುತ್ತೆ.

ಹರಿಯುವ ನದಿಯಲ್ಲಿ ಹೀಗಾಗಲ್ಲ. ಕಚ್ಚುಲೂರಿನ ದುರಂತದ ದಿನ ಗೋದಾವರಿಯಲ್ಲಿ ಐದು ಲಕ್ಷ ಕ್ಯೂಸೆಕ್‌ನಷ್ಟು ಪ್ರವಾಹ ಇತ್ತು. ಅಲ್ಲಿ ನೀರೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತೆ. ಜಲಾಶಯದಲ್ಲಿ ನಮ್ಮ ಎದುರಾಳಿ ನೀರಲ್ಲ. ‘ಎಲ್ಲಿ ಮುಳುಗಿತು’ ಅನ್ನೋದರ ಬಗೆಗಿನ ನಮ್ಮ ಅಂದಾಜೇ ನಮ್ಮ ಎದುರಾಳಿ.

ಕಣ್ಣಾರೆ ಕಂಡವರ ಲೆಕ್ಕ

‘ಅಗೋ, ಅಲ್ಲೇ ಮುಳುಗಿದ್ದು’ ಅಂತ ದಡದಲ್ಲಿದ್ದವರು ಕೈ ತೋರಿಸುತ್ತಾರೆ. ಆ ಕೈ ದಿಕ್ಕಿನ ವಿಷಯದಲ್ಲಿ ಬಹಳ ನಂಬಿಗಸ್ತ. ದೂರದ ವಿಷಯದಲ್ಲಿ ನಂಬೋ ಹಾಗಿಲ್ಲ.

ಯಾಕೆ ಅಂತ ನೋಡಿ. ಅಂಬಾರಗೋಡ್ಲು ದಡದಲ್ಲಿ ಒಬ್ಬರು ನಿಂತಿದ್ದಾರೆ, ಅವರ ಕಣ್ಣು ನೀರಿನಿಂದ ಎರಡು ಮೀಟರ್ ಎತ್ತರದಲ್ಲಿದೆ. 500 ಮೀಟರ್ ದೂರದ ವಸ್ತುವನ್ನು ನೋಡುವಾಗ ಅವರ ನೋಟ ಅಡ್ಡಗೆರೆಗಿಂತ 0.23 ಡಿಗ್ರಿ ಕೆಳಗೆ ಬಾಗುತ್ತೆ. 800 ಮೀಟರ್ ದೂರದ್ದನ್ನು ನೋಡುವಾಗ 0.14 ಡಿಗ್ರಿ. ವ್ಯತ್ಯಾಸ ಡಿಗ್ರಿಯ ಹತ್ತನೇ ಒಂದು ಭಾಗವೂ ಇಲ್ಲ. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ. ಚಂದ್ರನ ಆರನೇ ಒಂದು ಪಾಲಿನಷ್ಟು ಕಡಿಮೆ ವ್ಯತ್ಯಾಸದಲ್ಲಿ 300 ಮೀಟರ್ ನೀರು ಅಡಗಿ ಕೂತಿದೆ. ಯಾವ ಮನುಷ್ಯನ ಕಣ್ಣೂ ಇದನ್ನು ಸರಿಯಾಗಿ ಅಳೆಯಲ್ಲ. ಅದೇ ದಿಕ್ಕಿನಲ್ಲಿ ಐದು ಡಿಗ್ರಿ ಹೆಚ್ಚು ಕಡಿಮೆ ಆದರೂ 800 ಮೀಟರ್ ದೂರದಲ್ಲಿ ತಪ್ಪುವುದು 70 ಮೀಟರ್ ಮಾತ್ರ.

ಹಾಗಾಗಿ ಒಬ್ಬ ಸಾಕ್ಷಿ ಸಿಕ್ಕರೆ ನಮಗೆ ಸಿಗೋದು ಒಂದು ಉದ್ದನೆಯ ಪಟ್ಟಿ. ಬೇರೆ ಜಾಗದಲ್ಲಿ ನಿಂತಿದ್ದ ಇನ್ನೊಬ್ಬ ಸಾಕ್ಷಿ ಸಿಕ್ಕರೆ ಎರಡು ಪಟ್ಟಿಗಳು ಒಂದನ್ನೊಂದು ಕತ್ತರಿಸುತ್ತವೆ. ಹುಡುಕಬೇಕಾದ ಜಾಗ ಆ ಕತ್ತರಿ. ಇಬ್ಬರನ್ನೂ ಅಂದು ನಿಂತಿದ್ದ ಜಾಗದಲ್ಲೇ ಮತ್ತೆ ನಿಲ್ಲಿಸಬೇಕು. ‘ಎದುರಿನ ಗುಡ್ಡದ ಯಾವ ಮರದ ನೇರಕ್ಕೆ ಕಂಡಿತು’ ಅಂತ ಕೇಳಬೇಕು. ಫೋನಿನ ದಿಕ್ಸೂಚಿಯಲ್ಲಿ ಕೋನ ಬರೆದುಕೊಳ್ಳಬೇಕು. ಯಾರಾದರೂ ವಿಡಿಯೊ ಮಾಡಿದ್ದರೆ ಇನ್ನೂ ಒಳ್ಳೇದು, ಹಿನ್ನೆಲೆಯ ಗುಡ್ಡದ ಸಾಲೇ ಅಳತೆಪಟ್ಟಿ ಆಗುತ್ತೆ.

ಇದಕ್ಕೆ ಖರ್ಚಾಗೋದು ಅರ್ಧ ದಿನ ಮತ್ತು ಒಂದು ನೋಟ್‌ಬುಕ್. ಉಳಿಸೋದು ಎಷ್ಟು ಅನ್ನೋದನ್ನ ಮುಂದೆ ನೋಡೋಣ.

ಬೆಳಕು ಸೋತಲ್ಲಿ ಶಬ್ದ

ಹಿಂದೆ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ತರುತ್ತಿದ್ದರು. ಹಗ್ಗದ ತುದಿಗೆ ಕೊಕ್ಕೆಗಳ ಗೊಂಚಲು, ಬಾವಿಯ ತಳದಲ್ಲಿ ಆಡಿಸುತ್ತಾ ಹೋದರೆ ಯಾವುದಾದರೂ ಕೊಕ್ಕೆಗೆ ಕೊಡದ ಕಂಠ ಸಿಗುತ್ತಿತ್ತು. ಪಾತಾಳಗರಡಿಗೆ ಕಣ್ಣು ಬೇಕಿಲ್ಲ, ಬಾವಿ ಚಿಕ್ಕದಿದ್ದರೆ ಸಾಕು. ಜಲಾಶಯ ಚಿಕ್ಕದಲ್ಲ ಅನ್ನೋದೇ ಸಮಸ್ಯೆ.

ಮುಳುಗುತಜ್ಞರನ್ನು ಇಳಿಸಿದರೆ? ನೀರು ತಿಳಿಯಾಗಿದ್ದು ಎರಡು ಮೀಟರ್ ಅಗಲದ ಪಟ್ಟಿ ಕಾಣಿಸುತ್ತೆ, ನಿಮಿಷಕ್ಕೆ ಹತ್ತು ಮೀಟರ್ ಸಾಗುತ್ತಾರೆ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 20 ಚದರ ಮೀಟರ್ ಆಯಿತು. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತ ಅಂದ್ರೆ 3.14 ಚದರ ಕಿಲೋಮೀಟರ್. ಅಷ್ಟನ್ನು ನೋಡೋಕೆ 2,600 ಗಂಟೆ ನೀರಿನೊಳಗೆ ಇರಬೇಕು. ಮಳೆಗಾಲದ ಕೆಂಪು ನೀರಿನಲ್ಲಿ ಚಾಚಿದ ಕೈಯೇ ಕಾಣಲ್ಲ, ಬರೀ ತಡವಿ ನೋಡಬೇಕು. ಸ್ಕೂಬಾ ತರಬೇತಿಯ ಮೊದಲ ಹಂತದ ಮಿತಿ 18 ಮೀಟರ್, ಹವ್ಯಾಸಿ ಮುಳುಗುವಿಕೆಯ ಗರಿಷ್ಠ ಮಿತಿ 40 ಮೀಟರ್. ಅದರಾಚೆಗೆ ಹೋಗೋದಕ್ಕೆ ಬೇರೆಯದೇ ತರಬೇತಿ, ಬೇರೆಯದೇ ಉಪಕರಣ ಬೇಕು.

ಕದಡಿದ ನೀರಿನಲ್ಲಿ ಬೆಳಕು ಕೆಲವೇ ಅಡಿಗಳಲ್ಲಿ ಸತ್ತುಹೋಗುತ್ತೆ. ಶಬ್ದ ಸಾಯಲ್ಲ. ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್, ಗಾಳಿಯಲ್ಲಿರೋದಕ್ಕಿಂತ ನಾಲ್ಕು ಪಟ್ಟು. ಸೈಡ್ ಸ್ಕ್ಯಾನ್ ಸೋನಾರ್ ಈ ಗುಣವನ್ನ ಬಳಸಿಕೊಳ್ಳುತ್ತೆ. ಬೋಟಿನ ಎರಡೂ ಪಕ್ಕಕ್ಕೆ ಬೀಸಣಿಗೆಯ ಹಾಗೆ ತೆಳುವಾದ ಶಬ್ದದ ಅಲೆ ಕಳಿಸುತ್ತೆ. ತಳಕ್ಕೆ ತಾಗಿ ವಾಪಸ್ ಬಂದ ಪ್ರತಿಧ್ವನಿಯನ್ನ ಗೆರೆಯ ಪಕ್ಕ ಗೆರೆ ಜೋಡಿಸಿ ಚಿತ್ರ ಮಾಡುತ್ತೆ. ಗಟ್ಟಿ ವಸ್ತು ಬೆಳ್ಳಗೆ ಕಾಣುತ್ತೆ, ಅದರ ಹಿಂದೆ ಶಬ್ದ ತಲುಪದ ಕಡೆ ಕಪ್ಪು ನೆರಳು ಬೀಳುತ್ತೆ. ಅನುಭವಿಗಳು ಮೊದಲು ನೋಡೋದು ಆ ನೆರಳನ್ನೇ. ಬಂಡೆಯ ನೆರಳು ಅಡ್ಡಾದಿಡ್ಡಿ ಇರುತ್ತೆ. ಮನುಷ್ಯ ಮಾಡಿದ ವಸ್ತುವಿನ ನೆರಳಿಗೆ ನೇರ ಅಂಚು ಇರುತ್ತೆ.

ಇಲ್ಲೊಂದು ಕೊಡು-ಕೊಳ್ಳುವಿಕೆ ಇದೆ. 800 ಕಿಲೋಹರ್ಟ್ಸ್ ಅಲೆಯ ಉದ್ದ ಎರಡು ಮಿಲಿಮೀಟರ್‌ಗಿಂತ ಕಡಿಮೆ, ಚಿತ್ರ ಸ್ಪಷ್ಟ, ಆದರೆ ಬಹಳ ದೂರ ಹೋಗಲ್ಲ. ಕಡಿಮೆ ಆವರ್ತನ ದೂರ ಹೋಗುತ್ತೆ, ಚಿತ್ರ ಮಸುಕು. ಜೆಟ್ ಸ್ಕೀ ಥರದ ಮೂರು ಮೀಟರ್ ವಸ್ತುವಿಗೆ ಎರಡೂ ಪಕ್ಕ 30 ಮೀಟರ್ ನೋಡಿದರೆ ಸರಿ ಹೋಗುತ್ತೆ. ಒಂದು ಸಾಲನ್ನ ಪಕ್ಕದ ಸಾಲು ಅರ್ಧದಷ್ಟು ಮುಚ್ಚುವ ಹಾಗೆ ಬೋಟ್ ಓಡಿಸಬೇಕು, ಉತ್ತ ಸಾಲಿನ ಮೇಲೆ ಮತ್ತೆ ಉಳುವ ಹಾಗೆ. ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ಗಂಟೆಗೆ 0.12 ಚದರ ಕಿಲೋಮೀಟರ್ ಮುಗಿಯುತ್ತೆ.

ಈಗ ಮೂರು ಸನ್ನಿವೇಶ ಹೋಲಿಸಿ. ‘ಹಿನ್ನೀರಲ್ಲಿ ಎಲ್ಲೋ ಮುಳುಗಿದೆ’ ಅಂತ ಮಾತ್ರ ಗೊತ್ತಿದ್ದರೆ 300 ಚದರ ಕಿಲೋಮೀಟರ್, 2,500 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಹತ್ತು ತಿಂಗಳು. ‘ಈ ದಡದಿಂದ ಒಂದು ಕಿಲೋಮೀಟರ್ ಒಳಗೆ’ ಅಂತ ಗೊತ್ತಿದ್ದರೆ 26 ಗಂಟೆ, ಮೂರ್ನಾಲ್ಕು ದಿನ. ಇಬ್ಬರು ಸಾಕ್ಷಿಗಳ ಗೆರೆ ಕತ್ತರಿಸಿ 300 ಮೀಟರ್ ಉದ್ದ, 100 ಮೀಟರ್ ಅಗಲದ ತುಂಡು ಸಿಕ್ಕಿದ್ದರೆ ಹದಿನೈದು ನಿಮಿಷ. ಬೋಟ್ ತಿರುಗಿಸೋ ಹೊತ್ತು ಸೇರಿಸಿದರೂ ಒಂದು ಗಂಟೆ.

ಮೂರರಲ್ಲೂ ಯಂತ್ರ ಅದೇ, ಆಪರೇಟರ್ ಅವರೇ. ನೋಟ್‌ಬುಕ್ ಮಾಡಿದ ವ್ಯತ್ಯಾಸ ಇದು. ಅದಿಲ್ಲದೆ ನಡೆಸೋ ಹುಡುಕಾಟ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಅಯಸ್ಕಾಂತ ಇಲ್ಲಿ ಕೈಕೊಡುತ್ತೆ

1975ರ ನವೆಂಬರ್ 10ರ ರಾತ್ರಿ ಅಮೆರಿಕದ ಸುಪೀರಿಯರ್ ಸರೋವರದಲ್ಲಿ ‘ಎಡ್ಮಂಡ್ ಫಿಟ್ಜೆರಾಲ್ಡ್’ ಅನ್ನೋ ಅದಿರು ಹಡಗು 29 ಸಿಬ್ಬಂದಿಯ ಸಮೇತ ಮುಳುಗಿತು. ಒಬ್ಬರೂ ಬದುಕಲಿಲ್ಲ. ಆ ಸರೋವರದ ವಿಸ್ತೀರ್ಣ 82,000 ಚದರ ಕಿಲೋಮೀಟರ್, ಕರ್ನಾಟಕದ ಹತ್ತತ್ತಿರ ಅರ್ಧ. ಆದರೂ ನಾಲ್ಕೇ ದಿನದಲ್ಲಿ ಅಮೆರಿಕದ ನೌಕಾಪಡೆಯ ವಿಮಾನ ಆಕಾಶದಿಂದಲೇ ಜಾಗ ಗುರುತಿಸಿತು. ಜಲಾಂತರ್ಗಾಮಿಗಳನ್ನ ಪತ್ತೆ ಹಚ್ಚೋ ಕಾಂತೀಯ ಉಪಕರಣ ಆ ವಿಮಾನದಲ್ಲಿತ್ತು. 222 ಮೀಟರ್ ಉದ್ದದ ಉಕ್ಕಿನ ಹಡಗು ಭೂಮಿಯ ಕಾಂತಕ್ಷೇತ್ರವನ್ನೇ ಅಲ್ಲಿ ಸ್ವಲ್ಪ ತಿರುಚಿತ್ತು.

ಜೆಟ್ ಸ್ಕೀಗೆ ಈ ಉಪಾಯ ಕೆಲಸ ಮಾಡೋದು ಕಷ್ಟ. ಫೈಬರ್ ಗ್ಲಾಸಿಗೆ ಅಯಸ್ಕಾಂತದ ಹಂಗಿಲ್ಲ. ಇಂಜಿನ್ನಿನ ಬಹುಭಾಗ ಅಲ್ಯುಮಿನಿಯಂ. ಉಳಿಯೋದು ಕ್ರ್ಯಾಂಕ್ ಶಾಫ್ಟ್ ಥರದ ಒಂದಷ್ಟು ಉಕ್ಕು. ಅಂತರ ಎರಡು ಪಟ್ಟಾದರೆ ಕಾಂತೀಯ ಸುಳಿವು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. 40 ಮೀಟರ್ ಮೇಲಿನಿಂದ ಅಷ್ಟು ಸಣ್ಣ ಉಕ್ಕನ್ನ ಕಾಣೋದು ಆಗದ ಮಾತು; ಉಪಕರಣವನ್ನ ತಳದ ಹತ್ತಿರಕ್ಕೆ ಇಳಿಸಿ ಎಳೆಯಬೇಕು. ಶಿರೂರಿನಲ್ಲಿ ಡ್ರೋನ್‌ಗೆ ಲೋಹ ಪತ್ತೆ ಸಾಧನ ಕಟ್ಟಿ ಹುಡುಕಿದ್ದಕ್ಕೆ ಅರ್ಥ ಇತ್ತು, ಯಾಕಂದ್ರೆ ಅಲ್ಲಿದ್ದದ್ದು ಟನ್‌ಗಟ್ಟಲೆ ಉಕ್ಕಿನ ಲಾರಿ. ಯಾವ ಉಪಕರಣ ತರಬೇಕು ಅನ್ನೋದನ್ನ ಮುಳುಗಿದ ವಸ್ತು ತೀರ್ಮಾನಿಸಬೇಕು. ಎಷ್ಟೋ ಸಲ ನಮ್ಮಲ್ಲಿ ಅದನ್ನ ತೀರ್ಮಾನಿಸೋದು ಯಾರ ಹತ್ತಿರ ಏನಿದೆ ಅನ್ನೋದು, ಮತ್ತು ಕ್ಯಾಮೆರಾಗೆ ಯಾವುದು ಚೆನ್ನಾಗಿ ಕಾಣುತ್ತೆ ಅನ್ನೋದು.

ಸಿಗಲಿಲ್ಲ ಅನ್ನೋದೂ ಒಂದು ಮಾಹಿತಿ

ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಪಿಯುಸಿಯಲ್ಲಿ ಬೇಯಸ್ ಪ್ರಮೇಯ ಓದಿ ‘ಇದ್ಯಾವ ಕರ್ಮಕ್ಕೆ’ ಅಂದುಕೊಂಡವರಿಗೆ ಉತ್ತರ ಇಲ್ಲಿದೆ.

ಜೆಟ್ ಸ್ಕೀ ಎ ತುಂಡಿನಲ್ಲಿರೋ ಸಂಭವನೀಯತೆ ಶೇ. 60, ಬಿ ತುಂಡಿನಲ್ಲಿರೋದು ಶೇ. 40 ಅಂತ ಸಾಕ್ಷಿಗಳ ಮಾತಿನಿಂದ ಅಂದಾಜಾಗಿದೆ. ಮೊದಲು ಎ ಹುಡುಕಿದಿರಿ, ಸಿಗಲಿಲ್ಲ. ಈಗ ಬಿಗೆ ಹೋಗಬೇಕಾ, ಎಯನ್ನೇ ಮತ್ತೆ ನೋಡಬೇಕಾ? ಉತ್ತರ ನೀವು ಎಷ್ಟು ಚೆನ್ನಾಗಿ ಹುಡುಕಿದಿರಿ ಅನ್ನೋದರ ಮೇಲಿದೆ. ವಸ್ತು ಅಲ್ಲಿದ್ದರೆ ನಿಮ್ಮ ಸೋನಾರ್‌ಗೆ ಕಾಣುವ ಸಾಧ್ಯತೆ ಶೇ. 70 ಇತ್ತು ಅಂದ್ರೆ, ಎಗೆ ಉಳಿಯೋ ಪಾಲು 60ರಲ್ಲಿ 18. ಬಿಯ 40 ಹಾಗೇ ಇದೆ. ಒಟ್ಟು 58ರಲ್ಲಿ 18, ಅಂದ್ರೆ ಎ ಈಗ ಶೇ. 31, ಬಿ ಶೇ. 69. ಬಿಗೆ ಹೋಗಿ. ಆದರೆ ಕೆಸರು ನೀರಲ್ಲಿ ಕೈಯಿಂದ ತಡವಿ ಹುಡುಕಿದ್ದು, ಕಾಣುವ ಸಾಧ್ಯತೆ ಶೇ. 30 ಮಾತ್ರ ಇತ್ತು ಅಂದ್ರೆ, ಎಗೆ 42 ಉಳಿಯುತ್ತೆ, 82ರಲ್ಲಿ 42, ಶೇ. 51. ಎ ಇನ್ನೂ ಮುಂದಿದೆ. ಅಲ್ಲಿಂದ ಎದ್ದು ಹೋಗೋದು ತಪ್ಪು.

2009ರ ಜೂನ್ 1ರಂದು 228 ಜನರ ಸಮೇತ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಕಥೆಯಲ್ಲೂ ಇದೇ ಲೆಕ್ಕ ಕೆಲಸ ಮಾಡಿತು. ಬ್ಲಾಕ್ ಬಾಕ್ಸ್‌ನ ಸದ್ದು ಕೇಳಿಸಲಿಲ್ಲ ಅಂತ ಮೊದಲ ಹಂತದಲ್ಲಿ ಒಂದಷ್ಟು ಜಾಗವನ್ನ ‘ಇಲ್ಲಿಲ್ಲ’ ಅಂತ ಬದಿಗಿಟ್ಟಿದ್ದರು. ಆ ಸದ್ದು ಮಾಡೋ ಸಾಧನವೇ ಕೆಟ್ಟಿದ್ದರೆ ಅನ್ನೋ ಸಾಧ್ಯತೆಯನ್ನ ಸೇರಿಸಿ ಗಣಿತಜ್ಞರು ಸಂಭವನೀಯತೆಯ ನಕ್ಷೆಯನ್ನ ಹೊಸದಾಗಿ ಬರೆದರು. ಹೊಸ ಹುಡುಕಾಟ ಶುರುವಾಗಿ ಸುಮಾರು ಒಂದು ವಾರದಲ್ಲಿ, 2011ರ ಏಪ್ರಿಲ್‌ನಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಬದಿಗಿಟ್ಟ ಜಾಗ ಮತ್ತೆ ನಕ್ಷೆಗೆ ಬರೋಕೆ ಸಾಧ್ಯವಾಗಿದ್ದು, ಎಲ್ಲಿ, ಯಾವಾಗ, ಯಾವ ಉಪಕರಣದಿಂದ, ಎಷ್ಟು ಚೆನ್ನಾಗಿ ಹುಡುಕಲಾಗಿತ್ತು ಅನ್ನೋದರ ದಾಖಲೆ ಇದ್ದುದರಿಂದ.

ಹಾಗಾಗಿ ಮುಂದಿನ ಸಲ ಯಾರಾದರೂ ‘ಅಲ್ಲೆಲ್ಲ ನೋಡಾಯ್ತು’ ಅಂದರೆ ಕೇಳಿ: ಯಾವ ಸಾಲುಗಳಲ್ಲಿ ನೋಡಿದ್ದು? ಜಿಪಿಎಸ್ ದಾಖಲೆ ಇದೆಯಾ? ಆವತ್ತು ನೀರು ಎಷ್ಟು ತಿಳಿಯಾಗಿತ್ತು? ಇದು ಅಧಿಕಾರಿಗಳನ್ನ ಪೇಚಿಗೆ ಸಿಲುಕಿಸೋ ಪ್ರಶ್ನೆ ಅಲ್ಲ. ಉತ್ತರ ಇಲ್ಲದಿದ್ದರೆ ಮರುದಿನದ ಹುಡುಕಾಟ ಸೊನ್ನೆಯಿಂದ ಶುರುವಾಗುತ್ತೆ, ಅಷ್ಟೇ.

ಸಿಕ್ಕಿದ ಮಾತ್ರಕ್ಕೆ ಕೈಗೆ ಬರಲ್ಲ

ತಳದಲ್ಲಿ ಗುರುತಿಸೋದು ಅರ್ಧ ಕೆಲಸ. ಕಚ್ಚುಲೂರಿನ ಬೋಟಿನಲ್ಲಿ 77 ಜನ ಇದ್ದರು, ಬದುಕಿ ಬಂದವರು 26. ಬೋಟ್ ಎಲ್ಲಿದೆ ಅಂತ ಸೋನಾರ್ ತೋರಿಸಿದ ಮೇಲೂ ಎತ್ತುವ ಹಲವು ಯತ್ನ ವಿಫಲವಾದವು. ಕೊನೆಗೆ ಅದನ್ನ ದಡಕ್ಕೆ ಎಳೆದದ್ದು ಕಾಕಿನಾಡದ ಧರ್ಮಾಡಿ ಸತ್ಯಂ ಅವರ ತಂಡ. ದಪ್ಪ ಉಕ್ಕಿನ ಹಗ್ಗ, ಲಂಗರು, ದಡದಲ್ಲಿ ಎಳೆಯೋಕೆ ಯಂತ್ರ. ಒಂದರ್ಥದಲ್ಲಿ ದೈತ್ಯ ಪಾತಾಳಗರಡಿ. ಶಿರೂರಿನಲ್ಲೂ ಲಾರಿಯ ಜಾಗದ ಅಂದಾಜು ಸಿಕ್ಕಿದ ಮೇಲೂ ನದಿಯ ಸೆಳೆತ, ಗುಡ್ಡದಿಂದ ಬಂದು ಬಿದ್ದ ಮಣ್ಣಿನ ರಾಶಿ ಬಿಡಲಿಲ್ಲ. ಗೋವಾದಿಂದ ಡ್ರೆಜರ್ ಬಂದು ಹೂಳು ತೆಗೆದ ಮೇಲಷ್ಟೇ ದಾರಿ ಆಯಿತು.

ಜೆಟ್ ಸ್ಕೀ ಹಗುರ, ಆದರೆ ಅದಕ್ಕೂ ತನ್ನದೇ ಅಪಾಯಗಳಿವೆ. ಸಾಮಾನ್ಯವಾಗಿ ಮುಳುಗುತಜ್ಞರು ಗಾಳಿ ತುಂಬೋ ಚೀಲ ಕಟ್ಟುತ್ತಾರೆ. ಒಂದು ಲೀಟರ್ ಗಾಳಿ ಸರಿಸುಮಾರು ಒಂದು ಕಿಲೋ ಎತ್ತುತ್ತೆ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದರ ನಾಲ್ಕು ಪಟ್ಟು. ಅಲ್ಲಿ ತುಂಬಿದ 50 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 200 ಲೀಟರ್ ಆಗೋಕೆ ನೋಡುತ್ತೆ. ಹೆಚ್ಚಾದದ್ದನ್ನ ಹೊರಬಿಡದಿದ್ದರೆ ಗಾಡಿ ರಾಕೆಟ್ ಥರ ಮೇಲಕ್ಕೆ ಚಿಮ್ಮುತ್ತೆ, ನಡುವೆ ಇರೋ ಮನುಷ್ಯನ ಗತಿ ಯೋಚಿಸಿ. ಮೇಲೆ ಬಂದ ಮೇಲೂ ಒಳಗೆ ನೂರಾರು ಲೀಟರ್ ನೀರಿರುತ್ತೆ. ಬಸಿಯದೆ ಎತ್ತಿದರೆ ಹಗ್ಗ ಹರಿಯುತ್ತೆ, ಇಲ್ಲ ಬಾಡಿ ಒಡೆಯುತ್ತೆ. ಎತ್ತದೇ ಬಿಟ್ಟರೂ ಆಗಲ್ಲ. ಟ್ಯಾಂಕಿನಲ್ಲಿ ಹತ್ತಾರು ಲೀಟರ್ ಪೆಟ್ರೋಲ್, ಇಂಜಿನ್ನಿನಲ್ಲಿ ಆಯಿಲ್ ಇರುತ್ತೆ. ನಮ್ಮ ಎಷ್ಟೋ ಜಲಾಶಯಗಳ ನೀರು ಕುಡಿಯೋ ನಲ್ಲಿಗೂ ಹೋಗುತ್ತೆ.

ತಳದ ನಕ್ಷೆ ಯಾರ ಹತ್ತಿರ ಇದೆ?

ಲಿಂಗನಮಕ್ಕಿಯಲ್ಲಿ ಸೋನಾರ್ ಓಡಿಸುವವರಿಗೆ ಒಂದು ವಿಶೇಷ ತೊಡಕಿದೆ. ಆ ತಳ ಒಂದು ಕಾಲದಲ್ಲಿ ಊರಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಒಣಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ, ಹಳೆಯ ಮಡೆನೂರು ಅಣೆಕಟ್ಟೆಯೇ ಕಾಣಿಸಿಕೊಳ್ಳುತ್ತೆ. ನೀರು ತುಂಬಿದಾಗ ಇವೆಲ್ಲ ಸೋನಾರ್ ಪರದೆ ಮೇಲೆ ಬಿಳಿ ಚುಕ್ಕೆಗಳಾಗಿ, ನೆರಳುಗಳಾಗಿ ಕಾಣುತ್ತವೆ. ಎಳೆಯುತ್ತಿರೋ ಉಪಕರಣ ಮರಕ್ಕೆ ಸಿಕ್ಕಿಕೊಳ್ಳುತ್ತೆ. ಹಳೆಯ ಗೋಡೆ ಯಾವುದು, ಹೊಸದಾಗಿ ಬಿದ್ದ ಗಾಡಿ ಯಾವುದು ಅಂತ ಬಿಡಿಸೋಕೆ, ತಳದಲ್ಲಿ ಮೊದಲೇ ಏನಿತ್ತು ಅಂತ ಗೊತ್ತಿರಬೇಕು.

ಆ ತಿಳಿವಳಿಕೆ ಎರಡು ಕಡೆ ಇದೆ. ಒಂದು, ಸರ್ಕಾರದ ಹತ್ತಿರ. ಅಣೆಕಟ್ಟೆಗೆ ಮುಂಚಿನ ಸರ್ವೆ ನಕ್ಷೆಗಳಲ್ಲಿ, ಆಮೇಲಿನ ಹೂಳಿನ ಸಮೀಕ್ಷೆಗಳಲ್ಲಿ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ ಅಂತ ನಮಗೆ ಗೊತ್ತಾಗಿದ್ದೇ ಇಂಥ ಸಮೀಕ್ಷೆಯಿಂದ. ಆಳ ಅಳೆಯದೆ ಸಾಮರ್ಥ್ಯದ ಲೆಕ್ಕ ಹುಟ್ಟಲ್ಲ. ಆದರೆ ಜನರಿಗೆ ಬರೋದು ಟಿಎಂಸಿ ಅಂಕಿ, ಆಳದ ನಕ್ಷೆ ಅಲ್ಲ.

ಎರಡು, ಮುಳುಗಡೆಯಾದವರ ಹತ್ತಿರ. ತಮ್ಮ ಅಡಿಕೆ ತೋಟ ಎಲ್ಲಿತ್ತು, ಗಾಡಿ ದಾರಿ ಎಲ್ಲಿ ಇಳಿಯುತ್ತಿತ್ತು, ಬಾವಿ ಯಾವ ದಿಬ್ಬದ ಮಗ್ಗುಲಲ್ಲಿತ್ತು ಅಂತ ಹೇಳಬಲ್ಲ ಹಿರಿಯರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ನಾಡಿಗೆ ಕರೆಂಟ್ ಕೊಡೋಕೆ ಮನೆ ಬಿಟ್ಟವರು ಇವರು. ಅವರಲ್ಲಿ ಅನೇಕರ ಭೂಮಿಯ ಹಕ್ಕು ಅರವತ್ತು ವರ್ಷ ಕಳೆದರೂ ತೀರ್ಮಾನವಾಗಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಗೋ ತನಕ ತುಮರಿ ಕಡೆಯ ಜನರಿಗೆ ಲಾಂಚ್ ಹತ್ತೋದೇ ನಿತ್ಯದ ದಾರಿಯಾಗಿತ್ತು. ಆ ನೀರನ್ನ ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಜೆಟ್ ಸ್ಕೀ ಹುಡುಕೋಕೆ ಬರುವವರಿಗೆ ಬೇಕಾಗೋ ಮೊದಲ ತಜ್ಞರು ಇವರೇ, ಆದರೆ ಇವರನ್ನ ತಜ್ಞರು ಅಂತ ಕರೆಯೋದು ನಮ್ಮ ವ್ಯವಸ್ಥೆಗೆ ರೂಢಿಯಿಲ್ಲ.

ಏನು ಕೇಳಬೇಕು

ಅಮೆರಿಕದ ಐಡಾಹೋ ರಾಜ್ಯದ ಜೀನ್ ಮತ್ತು ಸ್ಯಾಂಡಿ ರಾಲ್‌ಸ್ಟನ್ ಅನ್ನೋ ದಂಪತಿ ಒಂದು ಬೋಟ್, ಒಂದು ಸೈಡ್ ಸ್ಕ್ಯಾನ್ ಸೋನಾರ್ ಇಟ್ಟುಕೊಂಡು ಕೆರೆ-ನದಿಗಳಲ್ಲಿ ನೂರಕ್ಕೂ ಹೆಚ್ಚು ಜನರ ದೇಹಗಳನ್ನ ಹುಡುಕಿ ಕುಟುಂಬಗಳಿಗೆ ಒಪ್ಪಿಸಿದ್ದಾರೆ. ನಮ್ಮಲ್ಲೂ ಅಂಥವರಿದ್ದಾರೆ. ಗಂಗಾವಳಿಗೆ ಇಳಿದ ಈಶ್ವರ ಮಲ್ಪೆಯವರ ಹೆಸರು ನಿಮಗೆ ಗೊತ್ತು; ಹೆಸರು ಗೊತ್ತಿಲ್ಲದವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಕೆರೆಗೆ ಯಾರೋ ಬಿದ್ದರು ಅಂತ ಪೊಲೀಸರ ಫೋನ್ ಬಂದಾಗ ಬರಿಮೈಯಲ್ಲಿ ಇಳಿಯೋ ಮೀನುಗಾರರು, ಈಜುಗಾರರು ಅವರು. ಇವರ ಧೈರ್ಯವನ್ನ ಹೊಗಳಿ, ಶಾಲು ಹೊದಿಸಿ ಕೈತೊಳೆದುಕೊಳ್ಳೋದು ಸುಲಭ. ಹುಡುಕಾಟವನ್ನ ಸಾರ್ವಜನಿಕ ಸೇವೆ ಅಂತ ಒಪ್ಪೋದಾದರೆ ಕೇಳಬೇಕಾದ್ದು ನಾಲ್ಕು.

ಒಂದು, ಪ್ರತಿ ದೊಡ್ಡ ಜಲಾಶಯದ ಆಳದ ನಕ್ಷೆ ಸಾರ್ವಜನಿಕವಾಗಿ ಸಿಗಬೇಕು. ಅದು ಜನರ ದುಡ್ಡಲ್ಲಿ ಮಾಡಿದ್ದು.

ಎರಡು, ಪ್ರತಿ ಜಿಲ್ಲೆಯ ಅಗ್ನಿಶಾಮಕ ದಳಕ್ಕೆ ಸೈಡ್ ಸ್ಕ್ಯಾನ್ ಸೋನಾರ್ ಮತ್ತು ಅದನ್ನ ಓದಬಲ್ಲ ತರಬೇತಾದ ಇಬ್ಬರು. ಮೀನು ಹುಡುಕೋಕೆ ಅಂತ ಮಾರುವ ಸಣ್ಣ ಸೋನಾರ್‌ಗಳಲ್ಲೇ ಈಗ ಈ ಸೌಲಭ್ಯ ಇದೆ, ಬೆಲೆ ಒಂದು ಒಳ್ಳೆ ಬೈಕಿನಷ್ಟು. ಕೆರೆಯಂಥ ನಿಂತ ನೀರಿಗೆ ಅಷ್ಟು ಸಾಕು.

ಮೂರು, ಬಾಡಿಗೆಗೆ ಓಡೋ ಪ್ರತಿ ಯಾಂತ್ರಿಕ ಬೋಟ್, ಜೆಟ್ ಸ್ಕೀಗೆ ಜಿಪಿಎಸ್ ಸಾಧನ ಕಡ್ಡಾಯ. ರೇಡಿಯೊ ಸಿಗ್ನಲ್ ನೀರಿನೊಳಗಿಂದ ಬರಲ್ಲ, ಹಾಗಾಗಿ ಕೊನೆಯ ಸಂದೇಶವೇ ಎಲ್ಲ. ಗಂಟೆಗೆ 50 ಕಿಲೋಮೀಟರ್ ಓಡೋ ಗಾಡಿ ನಿಮಿಷಕ್ಕೊಮ್ಮೆ ಜಾಗ ತಿಳಿಸಿದರೆ 800 ಮೀಟರ್ ಅನುಮಾನ ಉಳಿಯುತ್ತೆ, ಐದು ಸೆಕೆಂಡಿಗೊಮ್ಮೆ ಆದರೆ 70 ಮೀಟರ್. ಇದರ ಜೊತೆಗೆ ಉದ್ದ ಹಗ್ಗ ಕಟ್ಟಿದ ಒಂದು ತೇಲುಬುರುಡೆ. ಗಾಡಿ ಮುಳುಗಿದರೆ ಬುರುಡೆ ಮೇಲೆ ನಿಂತು ಜಾಗ ಹೇಳುತ್ತೆ. 1917ರ ಹಳೆಯ ಕಾನೂನಿನ ಬದಲು ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿ, ತಪಾಸಣೆಯ ಚೌಕಟ್ಟು ಕೊಟ್ಟಿದೆ. ಜಾರಿ ಮಾಡಬೇಕಾದ್ದು ರಾಜ್ಯ.

ನಾಲ್ಕು, ಸ್ಥಳೀಯ ಮುಳುಗುತಜ್ಞರ ನೋಂದಣಿ. ತರಬೇತಿ, ಆಮ್ಲಜನಕ, ವಿಮೆ, ಕೆಲಸಕ್ಕೆ ತಕ್ಕ ಸಂಬಳ.

ಜೆಟ್ ಸ್ಕೀ ಮಾಲೀಕರಿಗೆ ವಿಮೆ ಇರುತ್ತೆ, ಫೋನ್ ಮಾಡಿದರೆ ಖಾಸಗಿ ತಂಡ ಸೋನಾರ್ ಹಿಡಿದು ಬರುತ್ತೆ. ಕೆರೆಯಲ್ಲಿ ಬಟ್ಟೆ ಒಗೆಯೋಕೆ ಹೋಗಿ ಕಾಲು ಜಾರಿದ ಹುಡುಗಿಯ ಮನೆಯವರಿಗೆ ಆ ಫೋನ್ ನಂಬರ್ ಇಲ್ಲ. ಅವರು ದಡದಲ್ಲಿ ಕೂತು ಕಾಯುತ್ತಾರೆ. ಆ ಕಾಯುವಿಕೆ ಹತ್ತು ತಿಂಗಳೋ, ಮೂರು ದಿನವೋ, ಒಂದು ಗಂಟೆಯೋ ಅನ್ನೋದು ವಿಧಿಯ ಕೈಲಿಲ್ಲ. ಮೇಲಿನ ಲೆಕ್ಕವನ್ನ ಇನ್ನೊಮ್ಮೆ ನೋಡಿ.